ಬೊಕ್ನಿಮ್ ಅಕ್ಕ ತಂದ ಸುದ್ದಿ

ಮಾ ಬೊಕ್ನಿಮ್ ಎಂಬ ಹೆಂಗಸಿನ ಪಕ್ಕದ ಮಳಿಗೆಯಲ್ಲಿ ಮೂವತ್ತಮೂರು ವರ್ಷ ಒಣಮೀನು ಮಾರಿದವಳು ನಾನು. ನನ್ನ ತಾಳ್ಮೆ ಎಂಥದ್ದು ಎಂದು ದಕ್ಷಿಣ ಕೊರಿಯಾದ ಗ್ವಾಂಗ್ಜುವಿನ ನಮ್ಮ ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವಳದು ಮೇಲೋಗರದ ಅಂಗಡಿ. ಎಲೆಕೋಸಿಗೆ ಖಾರ ಹಚ್ಚಿ ಹುಳಿ ಬರಿಸಿದ ಕಿಮ್ಚಿ, ಸೋಯಾದಲ್ಲಿ ಕುದಿಸಿದ ಕಮಲದ ಬೇರು, ಎಳ್ಳೆಣ್ಣೆ ಸವರಿದ ಸೊಪ್ಪು, ಖಾರ ಮೆತ್ತಿದ ಮೂಲಂಗಿ. ಕೈರುಚಿಯ ಬಗ್ಗೆ ಎರಡು ಮಾತಿಲ್ಲ. ನಾಲಿಗೆಗೆ ಮಾತ್ರ ಲಂಗುಲಗಾಮಿಲ್ಲ. ಗಿರಾಕಿಯೊಬ್ಬಳು ಬಂದು ಮೊನ್ನೆಯ ಸೊಪ್ಪಿಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು ಎಂದರೆ, "ಅನ್ನ ಜಾಸ್ತಿ ಹಾಕ್ಕೊಂಡು ತಿನ್ನು, ಮೈ ಬರಲಿ" ಎಂದು ಬಾಯಿ ಮುಚ್ಚಿಸುವವಳು.

ಅವಳಿಗೆ ಒಂದು ಪದ ಕಂಡರಾಗುತ್ತಿರಲಿಲ್ಲ. ಕಳವಳ. ಅಂಗಡಿಯ ಮೂಲೆಯ ಟಿವಿಯಲ್ಲಿ ವಾರ್ತೆ ಓದುವವನು ಯಾವುದೋ ದೇಶದಲ್ಲಿ ಜನರ ಮೇಲೆ ಗುಂಡು ಹಾರಿಸಿದರೆಂದು ಹೇಳಿ, ಇನ್ಯಾವುದೋ ದೇಶ ಅದಕ್ಕೆ ತೀವ್ರ ಕಳವಳ ವ್ಯಕ್ತಪಡಿಸಿದೆ ಎಂದು ಮುಗಿಸುತ್ತಿದ್ದಂತೆ ಸೌಟನ್ನು ಪಾತ್ರೆಯ ಅಂಚಿಗೆ ಠಣ್ಣೆಂದು ಬಡಿಯುತ್ತಿದ್ದಳು.

"ವ್ಯಕ್ತಪಡಿಸ್ಬಿಟ್ರಂತೆ! ಪಿಲ್ಸುನ್, ಕೇಳಿಸ್ಕೊಂಡೆಯೇನೇ? ಇನ್ನೇನ್ ಬೇಕು, ಸತ್ತೋರೆಲ್ಲ ಎದ್ದು ಕೂತಿರ್ತಾರೆ!"

ಕೇಳಿಸಿಕೊಳ್ಳದೆ ಇರಲು ಸಾಧ್ಯವಿರಲಿಲ್ಲ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ.

ಅವಳ ಸಿಟ್ಟಿಗೆ ಕಾರಣ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. 1980ರ ಮೇ ತಿಂಗಳಲ್ಲಿ, ಅಧಿಕಾರ ಕಿತ್ತುಕೊಂಡಿದ್ದ ಜನರಲ್ ಒಬ್ಬನ ಮಾತಿನಂತೆ ನಮ್ಮದೇ ಸೈನ್ಯ ನಮ್ಮ ಊರಿನೊಳಕ್ಕೆ ನುಗ್ಗಿ ಕಂಡಕಂಡವರನ್ನು ಕೊಂದಾಗ, ಜನ ತಿರುಗಿಬಿದ್ದು ಸೈನ್ಯವನ್ನು ಊರಾಚೆ ಅಟ್ಟಿ ಪ್ರಾಂತದ ಕಚೇರಿಯನ್ನು ವಶಕ್ಕೆ ತೆಗೆದುಕೊಂಡಾಗ, ಆ ಕಚೇರಿಯಲ್ಲಿ ಉಳಿದ ಹುಡುಗರಲ್ಲಿ ಅವಳ ತಮ್ಮ ಹಾಕ್ಸುವೂ ಒಬ್ಬ. ಇಪ್ಪತ್ತು ವರ್ಷ. ಅಂಗಡಿಗಳಿಗೆ ಬೋರ್ಡು ಬರೆಯುವ ಕೆಲಸ. ಅಪ್ಪ ಅಮ್ಮ ಇಲ್ಲದ ಅವನನ್ನು ಸಾಕಿದವಳು ಇವಳೇ. ಇಪ್ಪತ್ತೇಳನೆಯ ತಾರೀಖು ಬೆಳಕು ಹರಿಯುವ ಮೊದಲು ಸೈನ್ಯ ಟ್ಯಾಂಕುಗಳ ಸಮೇತ ಹಿಂದಿರುಗಿತು. ಹಾಕ್ಸು ಮನೆಗೆ ಹಿಂದಿರುಗಲಿಲ್ಲ. ಇಷ್ಟು ಕಥೆ ಮಾರುಕಟ್ಟೆಗೆಲ್ಲ ಗೊತ್ತು. ನಮ್ಮೂರಿನಲ್ಲಿ ಇಂಥ ಕಥೆಯಿಲ್ಲದ ಬೀದಿ ಯಾವುದಿದೆ? ಮೇ ತಿಂಗಳ ಆ ಹತ್ತು ದಿನ ಮನೆಮನೆಯಲ್ಲೂ ತಿಥಿಯ ಅಡುಗೆಯ ಘಮ ಬರುತ್ತದೆ.

ಸೈನ್ಯ ಊರನ್ನು ಸುತ್ತುಗಟ್ಟಿದ್ದ ಆ ದಿನಗಳಲ್ಲಿ ಮಾರುಕಟ್ಟೆಯ ಹೆಂಗಸರು ಬೀದಿಯಲ್ಲೇ ಒಲೆ ಹೂಡಿ, ಅನ್ನದುಂಡೆ ಕಟ್ಟಿ, ಲಾರಿಗಳಲ್ಲಿ ಬಂದೂಕು ಹಿಡಿದು ಓಡಾಡುವ ಹುಡುಗರ ಕೈಗೆ ಕೊಟ್ಟರು. ಅದರ ನೆನಪಿಗೆಂದು ಈಗ ಪ್ರತಿ ಮೇ ತಿಂಗಳಲ್ಲೂ ಊರಿನ ಸ್ಮಾರಕ ಸಮಿತಿಯವರು ನಮಗೆಲ್ಲ ಒಂದೇ ಬಣ್ಣದ ಏಪ್ರನ್ ತೊಡಿಸಿ, ಉಂಡೆ ಕಟ್ಟಿಸಿ, ಬಂದ ಗಣ್ಯರ ಬಾಯಿಗೆ ನಮ್ಮ ಕೈಯಿಂದಲೇ ತಿನ್ನಿಸಿ ಫೋಟೊ ಹೊಡೆಸುತ್ತಾರೆ. ಆಗ ಉಂಡೆಗೆ ಹಾಕಿದ್ದು ಉಪ್ಪು ಮಾತ್ರ. ಈಗ ಟ್ಯೂನಾ ಮೀನು, ಮಯೊನೀಸು. ಒಂದು ವರ್ಷ ಚೀಸ್ ಕೂಡ ತುಂಬಿಸಿದರು. ಬೊಕ್ನಿಮ್ ಅಕ್ಕ ಪ್ರತಿ ಸಲ ಬರುವುದಿಲ್ಲ ಎಂದು ಹಟ ಹಿಡಿಯುವಳು, ಪ್ರತಿ ಸಲ ಬರುವಳು, ಬಂದು ಯಾವನೋ ರಾಯಭಾರಿಯ ಬಾಯಿಗೆ ಅವನು ಉಸಿರು ಕಟ್ಟುವಷ್ಟು ದೊಡ್ಡ ಉಂಡೆ ತುರುಕುವಳು. ನಗು ತಡೆಯಲಾಗದೆ ನಾನು ಮೀನಿನ ಬುಟ್ಟಿಯ ಹಿಂದೆ ಅಡಗಿಕೊಳ್ಳಬೇಕಾಗುತ್ತಿತ್ತು.

ಈಗ ತಾಂಡಾಳ ವಿಷಯ. ಬರ್ಮಾದ ಮಾಂಡಲೆಯ ಹುಡುಗಿ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುತ್ತ, ಮಧ್ಯಾಹ್ನದ ಮೇಲೆ ಬೊಕ್ನಿಮ್ ಅಕ್ಕನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಎಂಥವರ ಬೈಗುಳವನ್ನೂ ಕಿವಿಗೆ ಹಾಕಿಕೊಳ್ಳದ ಸ್ವಭಾವ, ಹಾಗಾಗಿ ಎರಡು ವರ್ಷ ಬಾಳಿದಳು. ಅವಳಿಗೂ ಒಬ್ಬ ತಮ್ಮ, ಜೇಯಾ. ಇಪ್ಪತ್ತೆರಡು ವರ್ಷ, ಮೋಟಾರ್ ಬೈಕ್ ರಿಪೇರಿ ಅಂಗಡಿಯಲ್ಲಿ ಕೆಲಸ. ಕೊರಿಯಾದಲ್ಲಿ ದುಡಿಯಲು ಬರಬೇಕೆಂದು ನಮ್ಮ ಭಾಷೆ ಕಲಿತು, ಸರ್ಕಾರದ ಪರೀಕ್ಷೆಯನ್ನೂ ಪಾಸು ಮಾಡಿ, ಕರೆ ಬರುವುದನ್ನು ಕಾಯುತ್ತಿದ್ದ. ದಿನಾ ನಾಲ್ಕು ಗಂಟೆಗೆ ಅಕ್ಕನಿಗೆ ಫೋನು. ತಾಂಡಾ ಫೋನನ್ನು ಕಿಮ್ಚಿಯ ಡಬ್ಬಕ್ಕೆ ಒರಗಿಸಿಟ್ಟು ಮೂಲಂಗಿ ಹೆಚ್ಚುತ್ತಿದ್ದಳು. ಅವನು ಆ ಕಡೆಯಿಂದ ಬೊಕ್ನಿಮ್ ಅಕ್ಕನ ಜೊತೆ ನಮ್ಮ ಭಾಷೆ ತಾಲೀಮು ಮಾಡುತ್ತಿದ್ದ.

"ಅಜ್ಜಿ, ತಾವು ಊಟವನ್ನು ಸ್ವೀಕರಿಸಿದಿರಾ?"

"ಸ್ವೀಕರಿಸೋಕೆ ನಾನೇನು ಮಂತ್ರಿನಾ? ಪುಸ್ತಕದ ಮಾತೆಲ್ಲ ಆಚೆಗಿಡು. ಊಟ ಆಯ್ತಾ ಅನ್ನು."

"ಊಟ ಆಯ್ತಾ, ಅಜ್ಜಿ?"

"ಆಯ್ತು ಕಣೋ. ನಿಂದು?"

2021ರ ಫೆಬ್ರವರಿಯಲ್ಲಿ ಅವರ ದೇಶದ ಸೇನೆ ಚುನಾಯಿತರನ್ನು ಜೈಲಿಗೆ ಹಾಕಿ ತಾನೇ ಗದ್ದುಗೆ ಏರಿತು. ಜನ ಬೀದಿಗಿಳಿದರು. ಸೇನೆ ಮೊದಲು ನೀರು ಹಾರಿಸಿತು, ಆಮೇಲೆ ಗುಂಡು. ಜೇಯಾ ತನ್ನ ಬಡಾವಣೆಯ ಹುಡುಗರ ಜೊತೆ ಸೇರಿ ರಸ್ತೆಗೆ ಮರಳಿನ ಚೀಲ ಒಡ್ಡಿ ನಿಂತ. ನಾಲ್ಕು ಗಂಟೆಯ ಫೋನು ಕೆಲವು ದಿನ ಬರುತ್ತಿತ್ತು, ಕೆಲವು ದಿನ ಬರುತ್ತಿರಲಿಲ್ಲ. ಬಂದ ದಿನ ಅವನು ಕೇಳುತ್ತಿದ್ದುದೆಲ್ಲ ನಮ್ಮೂರಿನ ಬಗ್ಗೆಯೇ. ನೀವು ಚೀಲ ಹೇಗೆ ಒಡ್ಡಿದ್ರಿ? ಗಾಯ ಆದೋರನ್ನ ಹೇಗೆ ಸಾಗಿಸಿದ್ರಿ? ಉಂಡೆಗೆ ಏನೇನು ಹಾಕ್ತಿದ್ರಿ?

"ಉಪ್ಪು ಕಣಪ್ಪ, ಬರೀ ಉಪ್ಪು" ಎಂದು ಬೊಕ್ನಿಮ್ ಅಕ್ಕ ಮುಖ ತಿರುಗಿಸುತ್ತಿದ್ದಳು. ಬೇರೆ ಯಾರಾದರೂ ಕೇಳಿದ್ದರೆ ಒಂದು ಗಂಟೆ ಕೊರೆಯುತ್ತಿದ್ದವಳು ಅವನೆದುರು ಮಾತ್ರ ಬಾಯಿ ಬಿಗಿ ಹಿಡಿಯುತ್ತಿದ್ದಳು. ನನಗೆ ಆಗ ಅರ್ಥವಾಗಲಿಲ್ಲ.

ಮಾರ್ಚ್ ತಿಂಗಳಲ್ಲಿ ನಮ್ಮೂರಿನ ಸಂಘಗಳೆಲ್ಲ ಹೇಳಿಕೆ ಹೊರಡಿಸಿದವು. ಗ್ವಾಂಗ್ಜು ನಿಮ್ಮ ಜೊತೆಗಿದೆ ಎಂದು ಮಾರುಕಟ್ಟೆಯ ಬಾಗಿಲಿಗೂ ಬ್ಯಾನರ್ ಕಟ್ಟಿದರು. ಸುಳ್ಳಲ್ಲ, ನಮಗೆ ಸಂಕಟವಾದದ್ದು ನಿಜ. ಟಿವಿಯಲ್ಲಿ ಆ ಹುಡುಗರ ಹೆಲ್ಮೆಟ್ಟು, ಟಿನ್ನಿನ ಗುರಾಣಿ ನೋಡಿ ನಾನು ಎಷ್ಟೋ ಸಲ ಟಿವಿ ಆರಿಸಿದ್ದೇನೆ. ಹಾಗೆಂದು ಬ್ಯಾನರಿನಿಂದ ಗುಂಡು ನಿಲ್ಲುತ್ತದೆಯೇ?

ಸಮಿತಿಯ ತಕ್ ಎಂಬ ಕಾರ್ಯದರ್ಶಿ ಬಂದದ್ದು ಹದಿನಾರನೆಯ ತಾರೀಖು ಮಧ್ಯಾಹ್ನ. ನಲವತ್ತರ ಆಸುಪಾಸಿನ ಸಂಭಾವಿತ. ಕ್ಯಾಮರಾದವನೊಬ್ಬ, ಒಂದು ಹೊಸ ಏಪ್ರನ್, ಒಂದು ಹಾಳೆ. ಅನ್ನದುಂಡೆ ಹಿಡಿದುಕೊಂಡು ಬರ್ಮಾದ ಜನರಿಗೆ ಬೊಕ್ನಿಮ್ ಅಕ್ಕ ನಾಲ್ಕು ಮಾತು ಹೇಳಬೇಕು, ಅದನ್ನು ಅವರ ಭಾಷೆಯ ಅಕ್ಷರ ಹಾಕಿ ಎಲ್ಲೆಡೆ ಹಂಚುತ್ತೇವೆ ಎಂದ.

ಅವಳು ಕನ್ನಡಕ ಮೂಗಿಗೇರಿಸಿ ಹಾಳೆಯನ್ನು ದೂರ ಹಿಡಿದು ಓದಿದಳು. "'ಗ್ವಾಂಗ್ಜು ನಿಮ್ಮೊಂದಿಗಿದೆ. ಎದೆಗುಂದಬೇಡಿ. ಕೊನೆಯವರೆಗೂ ನಿಲ್ಲಿ. ಜಗತ್ತು ನೋಡುತ್ತಿದೆ.' ನೋಡ್ತಾ ಇದೆ, ಸರಿ. ಆಮೇಲೆ?"

"ಆಮೇಲೆ ಅಂದ್ರೆ, ಅಜ್ಜಿ?"

"ನೋಡಿದ್ಮೇಲೆ ಏನ್ ಮಾಡುತ್ತೆ ಜಗತ್ತು? ಅದನ್ನ ಬರೆದೇ ಇಲ್ಲವಲ್ಲಪ್ಪ. ಹಾಳೆ ತಿರುಗ್ಸಿದ್ರೆ ಇದೆಯಾ?" ಎಂದು ನಿಜವಾಗಿಯೂ ಹಾಳೆ ತಿರುಗಿಸಿ ನೋಡಿದಳು.

ಕ್ಯಾಮರಾದವನು ನಕ್ಕ. ತಕ್ ನಗಲಿಲ್ಲ. "ಅಜ್ಜಿ, ನಾವು ಒಂದು ಊರಿನ ಸಮಿತಿ. ನಮ್ಮ ಹತ್ರ ಇರೋದು ಮಾತೇ."

"ನಿನ್ನ ಹತ್ರ ಮಾತಿದೆ. ರಾಜಧಾನೀಲಿ ಕೂತೋರ ಹತ್ರ? ಓಟು ಹಾಕಿ ಕಳಿಸಿದ್ದೀವಲ್ಲ? ಅವ್ರಿಗೆ ಹೇಳು, ಆ ಸೇನೆ ಜೊತೆ ವ್ಯಾಪಾರ ನಿಲ್ಸಿ ಅಂತ. ಆ ದೊರೆಗಳ ಮಕ್ಕಳ ಹಣ ಇಲ್ಲಿ ಬ್ಯಾಂಕಲ್ಲಿದ್ರೆ ಬೀಗ ಹಾಕಿ ಅಂತ. ಓಡಿ ಬಂದೋರಿಗೆ ಬಾಗಿಲು ತೆಗೀರಿ ಅಂತ. ಇದ್ಯಾವ್ದೂ ಆಗಲ್ವಾ, ಆಗಲ್ಲ ಅಂತ ಬಾಯಿಬಿಟ್ಟು ಹೇಳ್ಲಿ. 'ಕೊನೆಯವರೆಗೂ ನಿಲ್ಲಿ' ಅಂತೆ! ನಿಲ್ಲೋರು ಯಾರು, ನಿಲ್ಲಿಸೋರು ಯಾರು?"

"ವ್ಯಾಪಾರ ನಿಲ್ಸಿದ್ರೆ ಮೊದ್ಲು ಕೆಲಸ ಕಳ್ಕೊಳ್ಳೋದು ಅಲ್ಲಿನ ಗಾರ್ಮೆಂಟ್ ಹುಡ್ಗೀರು. ರಾಯಭಾರಿನ ವಾಪಸ್ ಕರೆಸಿದ್ರೆ ಅಲ್ಲಿರೋ ನಮ್ಮೋರನ್ನ ಯಾರು ನೋಡ್ಕೋತಾರೆ? ಸೈನ್ಯ ಕಳ್ಸಿದ್ರೆ ಯುದ್ಧ. ಏನೂ ಮಾತಾಡ್ದೆ ಇದ್ರೆ, ಕೈಬಿಟ್ರು ಅಂತ ಆ ಜನ ಅಂದ್ಕೋತಾರೆ. ನೀವೇ ಹೇಳಿ, ಏನ್ ಮಾಡ್ಬೇಕು?"

ತಕ್ ಹೇಳಿದ್ದರಲ್ಲಿ ಹುರುಳಿಲ್ಲ ಎನ್ನಲಾರೆ. ಅವನೇನು ಕೆಟ್ಟವನಲ್ಲ. ಎರಡು ವಾರದಿಂದ ನಿದ್ದೆಗೆಟ್ಟು ಓಡಾಡುತ್ತಿದ್ದ. ಬೊಕ್ನಿಮ್ ಅಕ್ಕ ಕೂಗಾಡುವುದನ್ನು ನಿಲ್ಲಿಸಿ ಅನ್ನದ ತಪ್ಪಲೆಯನ್ನು ಎಳೆದುಕೊಂಡಳು. ನನಗೂ ಸಾಕಾಗಿತ್ತು. "ಅಕ್ಕ, ನಾಲ್ಕು ಸಾಲು ಓದಿ ಮುಗ್ಸಬಾರ್ದಾ? ಗಿರಾಕಿಗಳು ಕಾಯ್ತಿದಾರೆ" ಎಂದೆ. ನನ್ನನ್ನು ದುರುಗುಟ್ಟಿ ನೋಡಿದಳು. ಆದರೂ ಏಪ್ರನ್ ಕಟ್ಟಿಕೊಂಡಳು. ಕ್ಯಾಮರಾದವನು ಬೆಳಕು ಸರಿಮಾಡಿಕೊಂಡು ಶುರು ಮಾಡಿದ.

ಸರಿಯಾಗಿ ಆಗಲೇ ತಾಂಡಾಳ ಫೋನು ಬಡಿದುಕೊಂಡಿತು. ಜೇಯಾ.

ಮೂರು ದಿನದ ಮೇಲೆ ಬಂದ ಕರೆ. ಯಾರೂ ಕ್ಯಾಮರಾ ನೆನಪಿಟ್ಟುಕೊಳ್ಳಲಿಲ್ಲ. ಪರದೆಯ ಮೇಲೆ ಅವನ ಮುಖ ಒಣಗಿತ್ತು, ಆದರೆ ಕಣ್ಣು ಹೊಳೆಯುತ್ತಿದ್ದವು.

"ಅಜ್ಜಿ! ನಿಮ್ಮೂರಿನ ಹೇಳಿಕೆ ಬಂತು! ದೊಡ್ಡ ಬಟ್ಟೆ ಮೇಲೆ ಬರೆದು ಬೀದಿಗೆ ಕಟ್ಟಿದೀವಿ. ಗ್ವಾಂಗ್ಜು ನಮ್ ಜೊತೆ ಇದೆ, ಪ್ರಜಾಪ್ರಭುತ್ವದ ದೇಶಗಳೆಲ್ಲ ಬರ್ತಾ ಇವೆ ಅಂತ. ಪಕ್ಕದ ಬಡಾವಣೆ ನಿನ್ನೆ ಬಿತ್ತು. ನಾಳೆಯೋ ನಾಡಿದ್ದೋ ನಮ್ಮ ಕಡೆ ಬರ್ತಾರೆ. ಅಮ್ಮ ಅಳ್ತಾಳೆ, ಹಳ್ಳಿಗೆ ಬಾ ಅಂತಾಳೆ. ನಾನೂ ಹೋಗಿಬಿಡ್ಲಾ ಅಂತ ಯೋಚ್ನೆ ಮಾಡಿದ್ದೆ. ಇದನ್ನ ಓದಿದ್ಮೇಲೆ ಏಳು ಜನಾನೂ ತೀರ್ಮಾನ ಮಾಡಿದೀವಿ. ನಿಲ್ತೀವಿ. ಎಷ್ಟು ದಿನ ತಡ್ಕೊಂಡ್ರೆ ನೀವೆಲ್ಲ ಬರ್ತೀರಿ ಅಜ್ಜಿ?"

ತಾಂಡಾ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ತಕ್ ತನ್ನ ಬೂಟನ್ನು ನೋಡಿಕೊಂಡ. ಬೊಕ್ನಿಮ್ ಅಕ್ಕ ಅನ್ನ ಮೆತ್ತಿದ ಕೈಯಲ್ಲೇ ಫೋನನ್ನು ಎತ್ತಿಕೊಂಡಳು.

"ಜೇಯಾ, ಸರಿಯಾಗಿ ಕೇಳ್ಕೊ. ಯಾರೂ ಬರಲ್ಲ."

"ಅಜ್ಜಿ?"

"ಯಾರೂ ಬರಲ್ಲ ಕಣೋ. ನಾವು ಬರಲ್ಲ. ಅಮೆರಿಕ ಬರಲ್ಲ. ನಮ್ ಹತ್ರ ಇರೋದು ಬ್ಯಾನರ್ರು. ಅದನ್ನ ನಂಬ್ಕೊಂಡು ನಿಲ್ಬೇಡ. ನಿಂಗೆ ನಿಲ್ಲಬೇಕು ಅನ್ಸಿದ್ರೆ ಅದು ನಿನ್ನ ಮನಸ್ಸು, ನಿನ್ನ ಊರು, ನಾನ್ಯಾರು ಬೇಡ ಅನ್ನೋಕೆ. ಆದ್ರೆ ನಾವು ಬರ್ತೀವಿ ಅಂತ ನಿಲ್ಬೇಡ. ಹಾಗಿದ್ರೆ ಇವತ್ತೇ ಎದ್ದು ಹೋಗು."

ಜೇಯಾ ಪರದೆಗೆ ಇನ್ನೂ ಹತ್ತಿರ ಬಂದ. ಆಮೇಲೆ ಅವನ ದನಿ ಬೇರೆಯಾಯಿತು. "ನಿಮ್ ತಮ್ಮನ ವಿಷಯ ಅಕ್ಕ ನಂಗೆ ಹೇಳಿದಾಳೆ. ಅವ್ನಿಗೂ ಹೀಗೇ ಹೇಳಿದ್ರಾ? ಉಂಡೆ ತಗೊಂಡು ಹೋದಾಗ ಎದ್ದು ಹೋಗು ಅಂತ ಅವ್ನಿಗೆ ಹೇಳಿದ್ರಾ?"

"ಇಲ್ಲ" ಎಂದಳು ಬೊಕ್ನಿಮ್ ಅಕ್ಕ. "ಅವ್ನೇ ಮನೆಗೆ ಬರ್ತೀನಿ ಅಂದ. ನಾನೇ ಬೇಡ ಅಂದೆ."

ಅವಳು ಆ ದಿನ ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ.

"ಇಪ್ಪತ್ತಾರನೇ ತಾರೀಖು ಸಾಯಂಕಾಲ. ಬುಟ್ಟೀಲಿ ಉಂಡೆ ತಗೊಂಡು ಹೋದೆ. ಅವ್ನು ನೆಲದ ಮೇಲೆ ಮಂಡಿಯೂರಿ ಬಟ್ಟೆ ಮೇಲೆ ಬರೀತಿದ್ದ. ನನ್ನ ನೋಡಿ, ಅಕ್ಕ, ಇವತ್ತು ನಿನ್ ಜೊತೆ ಮನೆಗೆ ಬಂದ್ಬಿಡ್ಲಾ, ದೊಡ್ಡೋರು ಚಿಕ್ಕವ್ರನ್ನೆಲ್ಲ ಹೋಗಿ ಅಂತಿದಾರೆ, ಹೊರಗಡೆ ಏನ್ ಸುದ್ದಿ ಅಂದ. ಮಾರುಕಟ್ಟೇಲಿ ಅವತ್ತು ಒಂದೇ ಸುದ್ದಿ. ಬುಸಾನ್ ಬಂದರಿಗೆ ಅಮೆರಿಕದ ದೊಡ್ಡ ಯುದ್ಧದ ಹಡಗು ಬಂದಿದೆ, ನಮ್ಮನ್ನ ಕಾಪಾಡೋಕೆ ಅಂತ. ಯಾರ್ ಹೇಳಿದ್ರೋ ಗೊತ್ತಿಲ್ಲ. ಎಲ್ಲಾರೂ ಹೇಳ್ತಿದ್ರು. ನಾನು ಅವ್ನಿಗೆ ಹೇಳ್ದೆ, ಒಂದೇ ಒಂದು ರಾತ್ರಿ ತಡ್ಕೊಳೋ, ಹಡಗು ಬಂದಿದೆ, ಅವ್ರದ್ದು ಪ್ರಜಾಪ್ರಭುತ್ವ, ಅವ್ರು ಕಣ್ಣೆದುರಿಗೆ ನಮ್ಮನ್ನ ಸಾಯೋಕೆ ಬಿಡ್ತಾರಾ ಅಂದೆ. ನಾಳೆ ಗೆದ್ದು ಬರೋನು ಇವತ್ತು ಹೆದರಿ ಮನೆಗೆ ಬಂದ ಅಂತ ಆಗ್ಬಾರ್ದು ಅಂತ ನಂಗೆ ಆಸೆ. ನಮ್ಮ ಹುಡುಗನ್ನ ಊರೆಲ್ಲ ಹೊಗಳಲಿ ಅಂತ ಆಸೆ. ಅವ್ನು ನಕ್ಕ. ಹಂಗಾದ್ರೆ ಇದನ್ನೂ ಬರೀತೀನಿ ಅಂತ ಬಿಳೀ ಹಾಸಿಗೆ ಬಟ್ಟೆ ಮೇಲೆ ಕೆಂಪು ಬಣ್ಣದಲ್ಲಿ ಬರೆದ. ಹಡಗು ಬಂದಿದೆ ಅಂತ. ಕಚೇರಿ ಮುಂದೆ ಕಟ್ಟಿದ್ರು. ಹಡಗು ಬಂದಿದ್ದು ಸುಳ್ಳಲ್ಲ ಕಣೋ ಜೇಯಾ. ನಮಗೋಸ್ಕರ ಬಂದಿರ್ಲಿಲ್ಲ, ಅಷ್ಟೆ."

ಫೋನು ಕಡಿದುಹೋಯಿತು. ಲೈನು ಹೋಯಿತೋ, ಅವನೇ ಕತ್ತರಿಸಿದನೋ ತಿಳಿಯಲಿಲ್ಲ. ಕ್ಯಾಮರಾದ ಕೆಂಪು ದೀಪ ಉರಿಯುತ್ತಲೇ ಇತ್ತು. ತಕ್ ಹೋಗಿ ಅದನ್ನು ಆರಿಸಿದ.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಆ ಕೆಂಪಕ್ಷರವನ್ನು ನಾನೂ ಓದಿದ್ದೆ. ಆಗ ನಾನು ನೂಲಿನ ಮಿಲ್ಲಿನಲ್ಲಿದ್ದೆ, ಇಪ್ಪತ್ತರ ಹುಡುಗಿ. ಆ ಸಂಜೆ ಕಚೇರಿಯ ಮುಂದಿನ ಚೌಕದಲ್ಲಿ ನಿಂತು ಅದನ್ನು ಓದಿ, ಗೆಳತಿಯರ ಜೊತೆ ಕೈ ಹಿಡಿದು ಕುಣಿದು, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿದೆ. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದನ್ನು ಓದಿ ಕಚೇರಿಯಲ್ಲೇ ಉಳಿದವರು ಎಷ್ಟು ಜನ? ನಲವತ್ತೊಂದು ವರ್ಷ ಈ ಹೆಂಗಸು ಅಮೆರಿಕವನ್ನು ಬೈದಳು, ಸಮಿತಿಯನ್ನು ಬೈದಳು, ಟಿವಿಯನ್ನು ಬೈದಳು, ನನ್ನನ್ನು ಬೈದಳು. ಒಂದು ದಿನವಾದರೂ ಈ ಮಾತು ಹೇಳಿದ್ದಳೇ? ಅದೂ ಹೋಗಲಿ. ಸಾವಿನ ಬಾಯಲ್ಲಿ ನಿಂತ ಹುಡುಗನಿಗೆ ಧೈರ್ಯ ಹೇಳಬೇಕಾದ ಹೊತ್ತಿನಲ್ಲಿ ಅವನ ಕೈಕಾಲು ಉಡುಗುವಂತೆ ಮಾಡಿದಳಲ್ಲ! ಮಾರುಕಟ್ಟೆಯಲ್ಲಿ ಸುದ್ದಿ ಹಬ್ಬಿ, ಅಕ್ಕಿ ಅಂಗಡಿಯವಳು ಬಂದು ಮುಖಕ್ಕೇ ಹೇಳಿದಳು.

"ಗ್ವಾಂಗ್ಜುವಿನ ಮಾನ ಕಳೆದ್ರಿ ನೀವು."

"ಮಾನ ಹೋದ್ರೆ ಹೋಗ್ಲಿ, ಹುಡುಗ ಉಳೀಲಿ" ಎಂದಳು ಬೊಕ್ನಿಮ್ ಅಕ್ಕ. ಆದರೆ ಸೌಟು ಬಡಿಯಲಿಲ್ಲ.

ಐದು ದಿನ ನಾನು ಅವಳ ಜೊತೆ ಮಾತು ಬಿಟ್ಟೆ. ಸಮಿತಿಯವರು ಅಕ್ಕಿ ಅಂಗಡಿಯವಳಿಗೆ ಏಪ್ರನ್ ತೊಡಿಸಿ ಅದೇ ನಾಲ್ಕು ಸಾಲು ಹೇಳಿಸಿ ಹಂಚಿದರು. ಚೆನ್ನಾಗಿಯೇ ಬಂದಿತ್ತು. ಲಕ್ಷಾಂತರ ಜನ ನೋಡಿದರಂತೆ. ಜೇಯಾನ ಫೋನು ಮಾತ್ರ ಬರಲಿಲ್ಲ. ನಾಲ್ಕು ಗಂಟೆಗೆ ತಾಂಡಾ ಫೋನನ್ನು ಕಿಮ್ಚಿ ಡಬ್ಬಕ್ಕೆ ಒರಗಿಸಿಡುವುದು, ಐದಕ್ಕೆ ಎತ್ತಿಕೊಳ್ಳುವುದು. ಹಲಗೆಯ ಸಂದಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಆರನೆಯ ದಿನ ಬೊಕ್ನಿಮ್ ಅಕ್ಕ ಅಂಗಡಿಯ ಮುಂದೆ ಕೋಟು ಹಾಕಿಕೊಂಡು ನಿಂತಿದ್ದಳು. ಬರೀ ಕೋಟಲ್ಲ, ತಿಥಿಗೆ ತೊಡುವ ಕಪ್ಪು ಕೋಟು.

"ಎಲ್ಲಿಗೆ?" ಎಂದೆ. ಮಾತು ಬಿಟ್ಟಿದ್ದೇನೆ ಎಂಬುದೇ ಮರೆತುಹೋಯಿತು.

"ವೀಸಾ ಆಫೀಸಿಗೆ. ಓಡಿ ಹೋಗು ಅಂದ್ಮೇಲೆ ಎಲ್ಲಿಗೆ ಓಡ್ಬೇಕು ಅಂತಾನೂ ಹೇಳ್ಬೇಕಲ್ವೇನೇ? ಪರೀಕ್ಷೆ ಪಾಸಾಗಿದಾನೆ. ಅವ್ನ ಹೆಸ್ರು ಇವ್ರ ಪಟ್ಟೀಲೇ ಇದೆ. ಕರೆಸ್ಕೊಳ್ಳೋಕೆ ಏನ್ ರೋಗ?"

ನಾನು ಮೀನಿನ ಮೇಲೆ ಪ್ಲಾಸ್ಟಿಕ್ ಎಳೆದು ಅವಳ ಹಿಂದೆ ಹೊರಟೆ. ತಾಂಡಾಳೂ ಬಂದಳು. ತಕ್ ತನ್ನ ಕಾರಿನಲ್ಲಿ ಕರೆದುಕೊಂಡು ಹೋದ. ಅವನನ್ನು ಕರೆದವರು ಯಾರೋ ನನಗೆ ಗೊತ್ತಿಲ್ಲ.

ಕಿಟಕಿಯ ಹಿಂದಿದ್ದ ಹುಡುಗಿ ಬಹಳ ಮರ್ಯಾದಸ್ಥೆ. ಎದ್ದು ನಿಂತು ಮಾತಾಡಿಸಿದಳು. ಕಂಪ್ಯೂಟರಿನಲ್ಲಿ ಜೇಯಾನ ಹೆಸರು ಹುಡುಕಿ ತೆಗೆದಳು. ಹೌದು, ಪರೀಕ್ಷೆ ಪಾಸಾಗಿದೆ. ಹೌದು, ಅಂಕ ಚೆನ್ನಾಗಿವೆ. ಒಂದೇ ಒಂದು ಕಾಗದ ಬಾಕಿ.

"ಅವರ ದೇಶದ ಪೊಲೀಸರಿಂದ ಒಂದು ಪ್ರಮಾಣಪತ್ರ ಬೇಕು ಅಜ್ಜಿ. ಇವರ ಮೇಲೆ ಯಾವ ಕೇಸೂ ಇಲ್ಲ, ಒಳ್ಳೆ ನಡತೆಯವರು ಅಂತ. ಅದಕ್ಕೆ ಅವರ ರಾಯಭಾರ ಕಚೇರಿಯ ಮುದ್ರೆ ಬೇಕು."

ಬೊಕ್ನಿಮ್ ಅಕ್ಕ ನನ್ನ ಕಡೆ ತಿರುಗಿದಳು. "ಪಿಲ್ಸುನ್, ನನ್ನ ಕಿವಿ ನೆಟ್ಟಗಿದೆ ತಾನೆ?" ಆಮೇಲೆ ಕಿಟಕಿಯ ಕಡೆ ತಿರುಗಿದಳು. "ಅಂದ್ರೆ, ಅವ್ನಿಗೆ ಗುಂಡು ಹೊಡೆಯೋಕೆ ಹುಡುಕ್ತಾ ಇದಾರಲ್ಲ, ಅವ್ರ ಹತ್ರಾನೇ ಹೋಗಿ ಕೈಮುಗಿದು ನಿಂತು, ಸ್ವಾಮಿ ನಾನು ಒಳ್ಳೆಯವ್ನು ಅಂತ ಬರ್ಕೊಡಿ, ಗ್ವಾಂಗ್ಜುವಿಗೆ ಹೋಗ್ಬೇಕು ಅಂತ ಕೇಳ್ಬೇಕಾ?"

"ನಿಯಮ, ಅಜ್ಜಿ."

"1980ರಲ್ಲಿ ನಮ್ ಹಾಕ್ಸು ಓಡಿ ಹೋಗಿದ್ರೆ, ಅವ್ನಿಗೂ ನಮ್ ಜನರಲ್ ಕೈಲಿ ಬರೆಸ್ಕೊಂಡು ಬಾ ಅಂತಿದ್ರಾ?"

ಆ ಹುಡುಗಿಯ ಕಣ್ಣು ಕೆಂಪಾದವು. "ಅಜ್ಜಿ, ನಿಜವಾಗ್ಲೂ ನಮಗೂ ತುಂಬ ಕಳವಳ ಆಗಿದೆ."

ಪಾಪ, ಅವಳಿಗೇನು ಗೊತ್ತು? ಆ ಪದ ಕೇಳಿದ ಮೇಲೆ ಬೊಕ್ನಿಮ್ ಅಕ್ಕನನ್ನು ಆ ಕಟ್ಟಡದಿಂದ ಹೊರಗೆ ತರಲು ನಾವು ಮೂವರು, ಒಬ್ಬ ಕಾವಲುಗಾರ, ಒಟ್ಟು ನಾಲ್ಕು ಜನ ಬೇಕಾಯಿತು. ಅರವತ್ತೆಂಟರ ಮುದುಕಿ, ನೆಲಕ್ಕೆ ಕೂತುಬಿಟ್ಟಳು. ನನಗೆ ನಾಚಿಕೆಯೂ ಆಯಿತು, ಜೊತೆಗೆ ಕೂತುಬಿಡೋಣ ಅಂತಲೂ ಅನ್ನಿಸಿತು. ನಮ್ಮದು ಪ್ರಜಾಪ್ರಭುತ್ವ. ಅದಕ್ಕಾಗಿ ರಕ್ತ ಸುರಿಸಿದ ಊರು ಎಂದು ಪ್ರತಿ ಭಾಷಣದಲ್ಲೂ ಹೇಳುತ್ತಾರೆ. ಆ ಪ್ರಜಾಪ್ರಭುತ್ವ ಅಲ್ಲಿನ ಸೇನೆಯನ್ನು ಬಾಯಲ್ಲಿ ಖಂಡಿಸುತ್ತದೆ, ಕಿಟಕಿಯಲ್ಲಿ ಅದೇ ಸೇನೆಯ ಮುದ್ರೆ ಕೇಳುತ್ತದೆ. ಇದನ್ನು ಬದಲಾಯಿಸಲು ಯುದ್ಧದ ಹಡಗು ಬೇಕೇ? ಒಂದು ಪೆನ್ನು ಸಾಲದೇ?

ಕಾರಿನಲ್ಲಿ ತಕ್ ಬಾಯಿ ಬಿಟ್ಟ. "ನಾನು ಬರೀತೀನಿ ಅಜ್ಜಿ. ಆ ಕಾಗದ ಬಿಟ್ಟುಬಿಡಿ ಅಂತ. ಸಮಿತಿ ಹೆಸ್ರಲ್ಲಿ ಬೇಡ ಅಂದ್ರೆ ನನ್ನ ಹೆಸ್ರಲ್ಲೇ."

"ಬರಿ. ಚಿಕ್ಕದಾಗಿ ಬರಿ. ನಿಂದು ಉದ್ದ ಜಾಸ್ತಿ" ಎಂದಳು ಅವಳು.

ಬರೆದ. ಒಂದಲ್ಲ, ಹದಿನೇಳು ಕಾಗದ ಬರೆದ. ಪರಿಶೀಲನೆಯಲ್ಲಿದೆ ಎಂದು ಹದಿನೇಳಕ್ಕೂ ಉತ್ತರ ಬಂತು. ಈಗಲೂ ಪರಿಶೀಲನೆಯಲ್ಲೇ ಇದೆ.

ಮಾರ್ಚ್ ಇಪ್ಪತ್ತೇಳನೆಯ ತಾರೀಖು ಬರ್ಮಾದಲ್ಲಿ ಒಂದೇ ದಿನ ನೂರಕ್ಕೂ ಹೆಚ್ಚು ಜನ ಸತ್ತರು. ಮಾಂಡಲೆಯಲ್ಲೂ ಸತ್ತರು. ಆ ದಿನದಿಂದ ಬೊಕ್ನಿಮ್ ಅಕ್ಕ ಟಿವಿ ಹಾಕುವುದನ್ನು ಬಿಟ್ಟಳು. ಯಾರ ಮೇಲೂ ರೇಗಲಿಲ್ಲ. ಉಪ್ಪು ಜಾಸ್ತಿ ಎಂದ ಗಿರಾಕಿಗೆ "ಹೌದಾ, ಕೊಡಿ, ಬೇರೆ ಕೊಡ್ತೀನಿ" ಎಂದಳು. ನನಗೆ ಭಯವಾಯಿತು. ಒಂದು ಮಧ್ಯಾಹ್ನ ಹಲಗೆಯ ಆ ಕಡೆಯಿಂದ ಸಣ್ಣ ದನಿಯಲ್ಲಿ ಕೇಳಿದಳು.

"ಪಿಲ್ಸುನ್, ನಾನ್ ಹೇಳಿದ್ದು ಕೇಳಿ ಓಡೋಕೆ ಹೋಗಿ, ದಾರೀಲಿ ಸಿಕ್ಕಿಹಾಕ್ಕೊಂಡಿದ್ರೆ? ನಿಂತಿದ್ರೇನೇ ಉಳೀತಿದ್ನೋ ಏನೋ. ಎರಡು ಸಲಾನೂ ನಾನೇ ತಪ್ಪು ಸುದ್ದಿ ಹೇಳಿದ್ನೇನೇ?"

"ಸುಮ್ನಿರು ಅಕ್ಕ, ಮೂಲಂಗಿ ಹೆಚ್ಚು" ಎಂದೆ. ಅದಕ್ಕಿಂತ ಒಳ್ಳೆಯ ಮಾತು ಆಗಲೂ ಹೊಳೆಯಲಿಲ್ಲ, ಈಗಲೂ ಹೊಳೆಯುತ್ತಿಲ್ಲ.

ಏಪ್ರಿಲ್ ಮೂರನೆಯ ತಾರೀಖು ನಾಲ್ಕು ಗಂಟೆ ದಾಟಿ ಐದು ನಿಮಿಷಕ್ಕೆ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ತಾಂಡಾ ಎತ್ತಿದಳು, ಒಂದು ಸಲ ಅವನ ಹೆಸರು ಕೂಗಿದಳು, ಆಮೇಲೆ ಅವರ ಭಾಷೆಯಲ್ಲಿ ಅಳುತ್ತ ಏನೇನೋ ಕೇಳಿದಳು. ನಾನು ಮೀನನ್ನು ಅಲ್ಲೇ ಬಿಟ್ಟು ಓಡಿದೆ. ಜೇಯಾ ಗಡಿ ದಾಟಿ ಥಾಯ್ಲೆಂಡಿನ ಕಡೆಯ ಯಾವುದೋ ಬೌದ್ಧ ಮಠದ ಕೊಟ್ಟಿಗೆಯಲ್ಲಿದ್ದ. ಕಾಲಿಗೆ ಗಾಯ, ಜೀವಕ್ಕೆ ಅಪಾಯವಿಲ್ಲ. ತಾಂಡಾ ಫೋನನ್ನು ಬೊಕ್ನಿಮ್ ಅಕ್ಕನ ಕಡೆ ಚಾಚಿದಳು.

"ಅಜ್ಜಿ ಹತ್ರ ಮಾತಾಡ್ಬೇಕಂತೆ."

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಾತಾಡಲು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಎಲ್ಲರಿಗೂ ಕೇಳುವಷ್ಟು ಜೋರಾಗಿ ಶುರುವಾಯಿತು. ಪುಸ್ತಕದ ಮಾತಲ್ಲ, ನಮ್ಮ ಬೀದಿಯ ಮಾತು. ಅವಳೇ ಕಲಿಸಿದ್ದು.

"ನನ್ನ ಯಾಕೆ ಎಬ್ಬಿಸಿ ಕಳ್ಸಿದ್ರಿ? ನನ್ನೊಬ್ಬನ್ನೇ ಯಾಕೆ ಕಳ್ಸಿದ್ರಿ? ಅವ್ರಿಗೆ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಯಾರೂ ಬರಲ್ಲ ಅಂತ ನಿಮ್ ಥರ ಹೇಳೋಕೆ ಆಗ್ಲಿಲ್ಲ. ನೀರು ತರ್ತೀನಿ ಅಂತ ಹೇಳಿ ಎದ್ದು ಬಂದೆ. ಆರು ಜನಾನೂ ಅಲ್ಲೇ ಇದ್ರು. ನಾಲ್ಕು ಜನ ಸತ್ರು. ನೀರು ತರ್ತೀನಿ ಅಂದಿದ್ದೆ ಅಜ್ಜಿ! ನನ್ನ ಹೇಡಿ ಮಾಡ್ಬಿಟ್ರಿ. ಒಂದು 'ಧೈರ್ಯವಾಗಿರು' ಅಂದಿದ್ರೆ ನಿಮ್ ಗಂಟೇನ್ ಹೋಗ್ತಿತ್ತು? ಎಂಥ ಮುದುಕಿ ನೀವು? ನಿಮ್ಮ ಬಾಯಿಗೆ ಹುಳ ಬೀಳಾ!"

ಅಂಗಡಿಯ ಮುಂದೆ ಗಿರಾಕಿಗಳು ನಿಂತು ಕೇಳುತ್ತಿದ್ದರು. ಮೂವತ್ತಮೂರು ವರ್ಷದಲ್ಲಿ ಬೊಕ್ನಿಮ್ ಅಕ್ಕನನ್ನು ಹೀಗೆ ಬೈದವರನ್ನು ನಾನು ಕಂಡಿಲ್ಲ. ಫೋನು ಕಿತ್ತುಕೊಳ್ಳಲು ಕೈ ಮುಂದೆ ಮಾಡಿದೆ. ಅವಳು ಮೊಣಕೈಯಿಂದ ನನ್ನನ್ನು ತಳ್ಳಿದಳು. ಅವನ ಒಂದು ಮಾತೂ ತಪ್ಪಿಹೋಗದಂತೆ ಫೋನನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ತಲೆಯಾಡಿಸುತ್ತ ಕೇಳಿದಳು. ಅವನು ಉಸಿರು ಎಳೆದುಕೊಳ್ಳಲು ನಿಲ್ಲಿಸಿದಾಗ ಕಣ್ಣೀರು ಅವಳ ಗದ್ದದವರೆಗೆ ಇಳಿದಿತ್ತು.

"ಬೈಯಪ್ಪ" ಎಂದಳು. "ಇನ್ನೂ ಬೈಯಿ. ನಮ್ ಹಾಕ್ಸುಗೆ ಒಂದ್ ಮಾತು ಬೈಯೋಕೂ ಆಗ್ಲಿಲ್ಲ ನನ್ನ. ನೀನು ನಾಳೇನೂ ಫೋನ್ ಮಾಡಿ ಬೈಬೇಕು. ತಿಳೀತಾ?"

ಮರುದಿನ ನಾಲ್ಕು ಗಂಟೆಗೆ ಸರಿಯಾಗಿ ಅವನು ಫೋನ್ ಮಾಡಿ ಬೈದ.